ಐದು ಗೋಲುಗಳ ಅಂತಿಮ ಪಂದ್ಯ

ಕಾಲ್ಚೆಂಡಾಟದಲ್ಲಿ ಸಮಬಲದ ತಂಡಗಳು ಸೆಣಸಿದರೆ ಒಂದೆರಡು ಗೋಲುಗಳಲ್ಲಿ ಸೋಲು ಗೆಲುವು ತೀರ್ಮಾನವಾಗುವುದು ವಾಡಿಕೆ. ಆದರೆ 1975ರ ಸೆಪ್ಟೆಂಬರ್ 30ರಂದು ಕಲ್ಕತ್ತೆಯಲ್ಲಿ ಜರಗಿದ ಐ.ಎಫ್.ಎ. ಶೀಲ್ಡ್ ಪಂದ್ಯಾಟದ ಅಂತಿಮ ಪಂದ್ಯದಲ್ಲಿ ಈಸ್ಟ್ ಬೆಂಗಾಲ್ ತಂಡವು ಮೋಹನ್ ಬಗಾನನ್ನು 5-0 ಗೋಲುಗಳಿಂದ ಸೋಲಿಸಿತು.

ಮೋಹನ್ ಬಗಾನ್ 1889ರಲ್ಲಿ ಹುಟ್ಟಿದ ಕ್ಲಬ್ಬು. 1911ರಲ್ಲಿ ಬರಿಗಾಲಲ್ಲಿ ಆಡಿ ಬ್ರಿಟಿಷ್ ಸೈನಿಕರ ತಂಡವನ್ನು ಮಣಿಸಿ ಇದೇ ಶೀಲ್ಡನ್ನು ಗೆದ್ದ ಕೀರ್ತಿ ಅದರದು. 1920ರಲ್ಲಿ ಆರಂಭವಾದ ಈಸ್ಟ್ ಬೆಂಗಾಲನ್ನು ಪೂರ್ವ ಬಂಗಾಳದಿಂದ ಬಂದವರು ತಮ್ಮದೆಂದು ಅಪ್ಪಿಕೊಂಡರು. 1947ರ ವಿಭಜನೆಯಲ್ಲಿ ಮನೆಮಠ ಕಳಕೊಂಡು ಬಂದವರಿಗೆ ಆ ಕೆಂಪು ಹಳದಿ ಅಂಗಿಯೇ ಊರಿನ ನೆನಪಾಯಿತು. ಈಸ್ಟ್ ಬೆಂಗಾಲ್ ಗೆದ್ದರೆ ಇಲಿಶ್ ಮೀನಿಗೂ, ಮೋಹನ್ ಬಗಾನ್ ಗೆದ್ದರೆ ಸಿಗಡಿಗೂ ಪೇಟೆಯಲ್ಲಿ ಬೇಡಿಕೆ!

ಅಂದು ಆಟ ಆರಂಭವಾದೊಡನೆ ಸುರಜಿತ್ ಸೇನ್‌ಗುಪ್ತ ಮೊದಲ ಗೋಲು ಹೊಡೆದರು. ಶ್ಯಾಮ್ ಥಾಪಾ ಎರಡು, ರಂಜಿತ್ ಮುಖರ್ಜಿ ಮತ್ತು ಶುಭಂಕರ್ ಸನ್ಯಾಲ್ ಒಂದೊಂದು ಗೋಲು ಗಳಿಸಿದರು. ತರಬೇತುದಾರರು ಪಿ.ಕೆ. ಬ್ಯಾನರ್ಜಿ. ಸೋತ ತಂಡದ ಕೆಲವು ಆಟಗಾರರು ಅಭಿಮಾನಿಗಳ ಕೋಪಕ್ಕೆ ಹೆದರಿ ಗಂಗೆಯ ದೋಣಿಯೊಂದರಲ್ಲಿ ರಾತ್ರಿ ಕಳೆದರೆಂದು ಹೇಳುತ್ತಾರೆ. ಅದಕ್ಕಿಂತಲೂ ದುಃಖದ ಸಂಗತಿಯೆಂದರೆ, ಸೋಲನ್ನು ತಾಳಲಾರದೆ ಮೋಹನ್ ಬಗಾನಿನ ತರುಣ ಅಭಿಮಾನಿಯೊಬ್ಬನು ಪ್ರಾಣವನ್ನೇ ಕಳಕೊಂಡನು.

ಮುಂದಿನ ಕಥೆ ಕೇಳಿ. ಮರುವರ್ಷವೇ ಬ್ಯಾನರ್ಜಿಯವರು ಮೋಹನ್ ಬಗಾನಿನ ತರಬೇತುದಾರರಾದರು. ಥಾಪಾ ಕೂಡ ಅದೇ ತಂಡ ಸೇರಿ, 1978ರಲ್ಲಿ ಈಸ್ಟ್ ಬೆಂಗಾಲಿನ ವಿರುದ್ಧವೇ ತಲೆಕೆಳಗಾಗಿ ಹಾರಿ ಒದ್ದು ಹೊಡೆದ ಗೋಲು ಇಂದಿಗೂ ಮನೆಮಾತು. ಅಂದು ಅವರನ್ನು ಶಪಿಸಿದವರೇ ಈಗ ಹೊತ್ತು ಕುಣಿದರು. ಆಟಗಾರನಿಗೆ ಅಂಗಿ ಬದಲಾಯಿಸುವುದು ಸಾಧ್ಯವಾಯಿತು. ಆ ತರುಣನ ಮನೆಯವರಿಗೆ ಮಗ ಮರಳಿ ಬರಲಿಲ್ಲ.

ಇಷ್ಟಾದರೂ ಪಾಠ ಕಲಿತವರು ಕಡಿಮೆ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಇವೇ ತಂಡಗಳ ಪಂದ್ಯದ ವೇಳೆ ಗಲಭೆ, ನೂಕುನುಗ್ಗಲಾಗಿ 16 ಮಂದಿ ಪ್ರೇಕ್ಷಕರು ಮಡಿದರು.

ನಮ್ಮ ಜಿಲ್ಲೆಯಲ್ಲೂ ಸೆವೆನ್ಸ್ ಪಂದ್ಯಾಟವೆಂದರೆ ಊರಿಗೆ ಊರೇ ಮೈದಾನದಲ್ಲಿ ಸೇರುತ್ತದೆ. ನಮ್ಮ ಮಕ್ಕಳು ತಮ್ಮ ತಂಡಕ್ಕಾಗಿ ಗಂಟಲು ಹರಿಯುವಂತೆ ಕೂಗಲಿ. ಆದರೆ ಕೊನೆಯ ಸೀಟಿ ಊದಿದ ಮೇಲೆ ಎದುರು ತಂಡದವನ ಹೆಗಲ ಮೇಲೆ ಕೈಹಾಕಿ ಮನೆಗೆ ಬರುವುದನ್ನೂ ನಾವು ಹಿರಿಯರು ಅವರಿಗೆ ಕಲಿಸಬೇಕು.