ಗಜನಿ ಗದ್ದೆಯ ಪಾಠವೂ ಜಾಲತಾಣ ಸೇರಲಿ

ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಜಾಲತಾಣ, ಅಂದರೆ ಕೆಒಇಆರ್, ಪ್ರೌಢಶಾಲಾ ಶಿಕ್ಷಕರೇ ಸೇರಿ ಕಟ್ಟಿದ ಪಾಠ ಸಾಮಗ್ರಿಯ ಭಂಡಾರ. 2010ರ ದಶಕದ ಆರಂಭದಲ್ಲಿ ರಾಜ್ಯದ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಿಂದ ಅದು ಬೆಳೆಯಿತು. ವಿಕಿಪೀಡಿಯಾಕ್ಕೆ ಆಧಾರವಾದ ಮೀಡಿಯಾವಿಕಿ ತಂತ್ರಾಂಶವೇ ಇದಕ್ಕೂ ಆಧಾರ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಪುಟಗಳಿವೆ. 2017ರ ಶಿಕ್ಷಕರ ದಿನದಂದು ಕೇಂದ್ರ ಸರ್ಕಾರದ ‘ದೀಕ್ಷಾ’ ಬಂದ ಮೇಲೆ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಹಿಡಿದು ಪಾಠದ ವಿಡಿಯೊ ತೆರೆಯುವುದು ರೂಢಿಯಾಯಿತು.

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲಿ ಇವುಗಳ ಬಳಕೆಗೆ ಮೊದಲ ಅಡ್ಡಿ ಮಳೆ. ಶಾಲೆ ತೆರೆಯುವ ಹೊತ್ತಿಗೇ ಮುಂಗಾರು ಹಿಡಿಯುತ್ತದೆ. ಘಟ್ಟದ ಮಗ್ಗುಲಿನ ಊರುಗಳಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುತ್ತವೆ. ಆದ್ದರಿಂದ ಸಾಮಗ್ರಿಯನ್ನು ಮೊದಲೇ ಇಳಿಸಿಟ್ಟುಕೊಳ್ಳುವುದು ಲೇಸು. ದೀಕ್ಷಾ ಆ್ಯಪ್‌ನಲ್ಲಿ ಇಳಿಸಿಕೊಂಡ ಪಾಠ ಅಂತರ್ಜಾಲವಿಲ್ಲದೆಯೂ ನಡೆಯುತ್ತದೆ. ಕ್ಯೂಆರ್ ಚಿತ್ರ ಮಾಸಿದ್ದರೆ ಅದರ ಕೆಳಗಿನ ಆರು ಅಕ್ಷರಗಳ ಸಂಕೇತವನ್ನು ಟೈಪ್ ಮಾಡಿದರೂ ಆಯಿತು. ಜಿಯೋಜಿಬ್ರಾದ ರೇಖಾಗಣಿತ ಕಡತಗಳನ್ನು ಪೆನ್‌ಡ್ರೈವ್‌ನಲ್ಲೇ ಒಯ್ಯಬಹುದು.

ಇಳಿಸಿಕೊಳ್ಳುವುದು ಅಭ್ಯಾಸವಾಗಿದೆ, ಏರಿಸುವುದು ಇನ್ನೂ ಆಗಬೇಕು. ಇಡೀ ರಾಜ್ಯಕ್ಕೆಂದು ಬರೆದ ಸಾಮಾನ್ಯ ಪಾಠದಲ್ಲಿ ಕರಾವಳಿಯ ಮಗುವಿನ ಅಂಗಳ ಕಾಣುವುದು ಅಪರೂಪ. ಕುಮಟಾದ ಅಘನಾಶಿನಿ ಅಳಿವೆಯನ್ನೇ ನೋಡಬಹುದು. ಅಲ್ಲಿನ ಗಜನಿ ಗದ್ದೆಗಳಲ್ಲಿ ಮಳೆನೀರು ಉಪ್ಪನ್ನು ತೊಳೆದ ಮೇಲೆ ಕಗ್ಗ ಭತ್ತ ಬಿತ್ತುತ್ತಾರೆ. ಉಳಿದ ಭತ್ತ ಬಾಡುವ ಉಪ್ಪುನೀರನ್ನು ಕಗ್ಗ ತಾಳಿಕೊಳ್ಳುತ್ತದೆ. ಕೊಯ್ಲಾದ ಬಳಿಕ ಅದೇ ಗದ್ದೆಗೆ ಭರತದ ನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ಬೇಸಿಗೆಯಲ್ಲಿ ಹತ್ತಿರದ ಸಾಣಿಕಟ್ಟಾದಲ್ಲಿ ಉಪ್ಪು ಹರಳುಗಟ್ಟುತ್ತದೆ. ಅಭಿಸರಣ, ಆವೀಕರಣ, ಸ್ಫಟಿಕೀಕರಣ, ಆಹಾರ ಸರಪಳಿ ಇಷ್ಟೂ ಪಾಠ ಒಂದೇ ಅಳಿವೆಯಲ್ಲಿವೆ. 2024ರಲ್ಲಿ ಅದು ರಾಮ್ಸಾರ್ ತಾಣವೂ ಆಯಿತು. ಇಂಥ ಘಟಕವನ್ನು ಬರೆಯಲು ಆ ದಂಡೆಯ ಶಾಲೆಯ ಶಿಕ್ಷಕರಿಗಿಂತ ಅರ್ಹರು ಬೇರೆಲ್ಲಿ ಸಿಗಬೇಕು?

ಗಣಿತವೂ ಅಷ್ಟೆ. ಹೊನ್ನಾವರದಲ್ಲಿ ಶರಾವತಿಯ ಮೇಲಿನ ಕೊಂಕಣ ರೈಲು ಸೇತುವೆಯ ಉದ್ದ ಸುಮಾರು 2,065 ಮೀಟರ್. 400 ಮೀಟರ್ ಉದ್ದದ ರೈಲು ಗಂಟೆಗೆ 72 ಕಿ.ಮೀ. ವೇಗದಲ್ಲಿ ಅದನ್ನು ಪೂರ್ತಿ ದಾಟಲು 2,465 ಮೀಟರ್ ಓಡಬೇಕು. ಸೆಕೆಂಡಿಗೆ 20 ಮೀಟರಿನಂತೆ 123 ಸೆಕೆಂಡು ಮೀರುತ್ತದೆ. ಮಕ್ಕಳು ದಿನವೂ ಕಾಣುವ ಸೇತುವೆಯ ಲೆಕ್ಕವಿದು. ಇತಿಹಾಸಕ್ಕೆ ಗೇರುಸೊಪ್ಪೆಯ ಚೆನ್ನಭೈರಾದೇವಿ ಮತ್ತು ಚತುರ್ಮುಖ ಬಸದಿ ಇವೆ, ಕಲೆಗೆ ಕೆರೆಮನೆಯ ಯಕ್ಷಗಾನ.

ಭಟ್ಕಳದ ಅಗತ್ಯ ಬೇರೆ. ಮನೆಯಲ್ಲಿ ನವಾಯತಿ, ಶಾಲೆಯಲ್ಲಿ ಉರ್ದು, ಪೇಟೆಯಲ್ಲಿ ಕನ್ನಡ ಆಡುವ ಮಕ್ಕಳು ಅಲ್ಲಿದ್ದಾರೆ. ಒಂದೇ ಚಟುವಟಿಕೆ ಕನ್ನಡ, ಉರ್ದು ಎರಡರಲ್ಲೂ ಅಕ್ಕಪಕ್ಕ ಸಿಕ್ಕರೆ ಕನ್ನಡವನ್ನು ಎರಡನೆಯ ಭಾಷೆಯಾಗಿ ಕಲಿಸುವವರ ಹೊರೆ ಬಹಳ ಇಳಿಯುತ್ತದೆ.

ಏರಿಸುವಾಗ ಪರವಾನಗಿಯ ಎಚ್ಚರ ಬೇಕು. ಮುಕ್ತ ಸಾಮಗ್ರಿ ಎಂಬ ಹೆಸರು ಯುನೆಸ್ಕೊದ 2002ರ ಸಭೆಯಲ್ಲಿ ಬಂತು. ಬಳಸುವ, ತಿದ್ದುವ, ಹಂಚುವ ಹಕ್ಕು ಎಲ್ಲರಿಗೂ ಇರಬೇಕೆಂಬುದು ಅದರ ಜೀವ. ಅನೇಕ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು ಮೂಲ ಕರ್ತೃವಿನ ಹೆಸರು ಹೇಳಬೇಕೆನ್ನುತ್ತವೆ. ಕೆಲವು, ತಿದ್ದಿದ್ದನ್ನೂ ಅದೇ ಷರತ್ತಿನಲ್ಲಿ ಹಂಚಬೇಕೆನ್ನುತ್ತವೆ. ಹುಡುಕಾಟದಲ್ಲಿ ಸಿಕ್ಕ ಯಾವುದೋ ಫೋಟೊ ಅಂಟಿಸುವುದು ಸಲ್ಲದು. ಗಜನಿಯ ಚಿತ್ರವನ್ನು ಶಿಕ್ಷಕರೇ ಮೊಬೈಲಿನಲ್ಲಿ ತೆಗೆದರೆ ಆ ತೊಡಕೇ ಇಲ್ಲ. ಮಕ್ಕಳ ಮುಖ, ಹೆಸರು ಮಾತ್ರ ಅದರಲ್ಲಿ ಇರಬಾರದು.

ಬರೆದದ್ದನ್ನು ಪರಿಶೀಲಿಸಲು ಕುಮಟಾದ ಡಯಟ್ ಹತ್ತಿರದಲ್ಲಿದೆ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯಲ್ಲಿ ಒಬ್ಬರು ಬರೆದದ್ದನ್ನು ಮತ್ತೊಬ್ಬರು ಓದಿ ತಿದ್ದುವುದಕ್ಕೂ ಅವಕಾಶವಿದೆ. ಪ್ರಕಟಣೆಯ ನಂತರ ದೋಷ ಕಂಡರೂ ಗಾಬರಿ ಬೇಡ. ವಿಕಿ ಪುಟದ ಇತಿಹಾಸದಲ್ಲಿ ಯಾರು, ಯಾವಾಗ, ಏನು ಬದಲಿಸಿದರು ಎಂಬುದೆಲ್ಲ ಉಳಿದಿರುತ್ತದೆ. ಹಿಂದಿನ ಆವೃತ್ತಿಯನ್ನು ಮರಳಿ ತರಬಹುದು.