ಕಾಡ್ ಮೀನಿನ ಬಡನೆಂಟ

ಕಾಡ್ ಲಿವರ್ ಎಣ್ಣೆಯ ಹೆಸರನ್ನು ಕೇಳದವರು ವಿರಳ. ಆದರೆ ಆ ಎಣ್ಣೆಯನ್ನು ಕೊಡುವ ಕಾಡ್ ಮೀನು ಮಂಗಳೂರಿನ ಧಕ್ಕೆಯಲ್ಲಿ ಏಕೆ ಕಾಣಸಿಗದು? 'ರೀಫ್ ಕಾಡ್' ಎನಿಸಿಕೊಳ್ಳುವ ನಮ್ಮ ಮುರು ಮೀನು ಬೇರೊಂದು ವಂಶದ್ದು. ಹೆಸರು ಮಾತ್ರ ಕಾಡ್.

ಉತ್ತರವನ್ನು ಭೌತಶಾಸ್ತ್ರದಲ್ಲಿ ಹುಡುಕೋಣ. ನೀರು ಬಿಸಿಯಾದಂತೆ ಅದರಲ್ಲಿ ಅನಿಲ ಕರಗುವ ಪ್ರಮಾಣ ಕುಗ್ಗುತ್ತದೆ. 5 ಡಿಗ್ರಿ ಸೆಂಟಿಗ್ರೇಡಿನ ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 10 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲುದು. 28 ಡಿಗ್ರಿಯ ನಮ್ಮ ಕರಾವಳಿಯ ನೀರಿನಲ್ಲಿ ಸುಮಾರು 6.5 ಮಿಲಿಗ್ರಾಂ ಮಾತ್ರ. ಮೈ ಬಿಸಿಯಾದಷ್ಟೂ ಮೀನಿಗೆ ಬೇಕಾಗುವ ಆಮ್ಲಜನಕವೋ ಹೆಚ್ಚು. ಆದಾಯ ಇಳಿದು ಖರ್ಚು ಏರಿದ ಸಂಸಾರದಂತೆ! ಮೀಟರಿಗೂ ಮೀರಿ ಬೆಳೆಯಬಲ್ಲ ಅಟ್ಲಾಂಟಿಕ್ ಕಾಡ್ ತಣ್ಣೀರನ್ನು ನೆಚ್ಚಿರುವುದಕ್ಕೆ ಇದೊಂದು ಕಾರಣ.

ಆದರೂ ಅದೇ ಗಣದ ಬಡನೆಂಟನೊಂದು ಅರಬ್ಬೀ ಸಮುದ್ರದಲ್ಲಿ ಉಂಟು: ಬ್ರೆಗ್ಮಾಸೆರೋಸ್ ಮೆಕ್ಲೆಲ್ಲಾಂಡಿ. ವಿಲಿಯಂ ಥಾಮ್ಸನ್ ಇದನ್ನು 1840ರಲ್ಲಿ ವರ್ಣಿಸಿದರು. ಗೇಣುದ್ದವೂ ಬೆಳೆಯದ ಇದರ ನೆತ್ತಿಯ ಮೇಲೆ ಕೊಂಬಿನಂತೆ ಒಂಟಿ ಕಡ್ಡಿಯೊಂದು ನಿಂತಿದೆ; ಕೊರಳ ಬಳಿಯ ಜೋಡಿ ರೆಕ್ಕೆಗಳು ನೂಲಿನಂತೆ ಉದ್ದ. ಸಣ್ಣ ಜೀವಿಗಳನ್ನು ತಿಂದು, ತಾನು ದೊಡ್ಡ ಮೀನುಗಳಿಗೆ ಆಹಾರವಾಗುವುದು ಇದರ ಬಾಳು.

ಟ್ರಾಲ್ ಬಲೆಯಲ್ಲಿ ಬರುವ ಇಂಥ ಕಿರುಮೀನುಗಳು ಬಹುಮಟ್ಟಿಗೆ ಹೆಸರಿಲ್ಲದ ರಾಶಿಯಾಗಿ ಮೀನುಹುಡಿಯ ಕಾರ್ಖಾನೆಗಳನ್ನು ಸೇರುತ್ತವೆ. ನ್ಯೂಫೌಂಡ್‌ಲ್ಯಾಂಡಿನ ಕಡಲಲ್ಲಿ ಹೇರಳವಾಗಿದ್ದ ಕಾಡ್ ಅತಿಯಾದ ಮೀನುಗಾರಿಕೆಯಿಂದ ಕುಸಿದು, 1992ರಲ್ಲಿ ಕೆನಡಾ ಅದನ್ನು ಹಿಡಿಯುವುದನ್ನೇ ನಿಷೇಧಿಸಬೇಕಾಯಿತು. ಆ ಮೀನಿಗೆ ಬೆಲೆಯಿತ್ತು, ಲೆಕ್ಕವಿತ್ತು. ಆದುದರಿಂದ ನಷ್ಟ ತಿಳಿಯಿತು. ಹೆಸರೇ ಇಲ್ಲದೆ ಹುಡಿಯಾಗುವ ಮೀನು ಕಡಲಲ್ಲಿ ಕಡಿಮೆಯಾದರೆ ನಾವು ಅದನ್ನು ಅರಿಯುವುದೆಂತು? ಎಣಿಸಬೇಕಾದರೆ ಮೊದಲು ಗುರುತಿಸಬೇಕು.