ಬಲ್ಮಠ ಗುಡ್ಡೆಯ ಕಲ್ಲಚ್ಚಿನ ಕಾಲ

ಕಂಕನಾಡಿಯಿಂದ ಹಂಪನಕಟ್ಟೆಗೆ ಹೋಗುವ ಸಿಟಿ ಬಸ್ಸಿನ ಕಂಡಕ್ಟರ್ ‘ಕಲೆಕ್ಟರ್ಸ್ ಗೇಟ್, ಬಲ್ಮಠ, ಜ್ಯೋತಿ’ ಎಂದು ಒಂದೇ ಉಸಿರಿಗೆ ಕೂಗುತ್ತಾರೆ. ಕಾಲೇಜು, ಕೋಚಿಂಗ್, ಇಂಟರ್ವ್ಯೂ ಎಂದು ಓಡುವ ನಮಗೆ ಬಲ್ಮಠ ಅಂದರೆ ಇಳಿಯುವ ಸ್ಟಾಪ್, ಅಷ್ಟೇ. ಆದರೆ ಈ ಸಣ್ಣ ಗುಡ್ಡೆಯಲ್ಲಿ ಒಂದು ಕ್ರೈಸ್ತ ಸಭೆ ಬೆಳೆದ ಕಥೆಯಿದೆ. ಅದರ ಜೊತೆಗೇ ನಮ್ಮೂರಿನ ಉದ್ಯೋಗದ ಕಥೆಯೂ ಇದೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೊದಲ ಪಾದ್ರಿಗಳಾದ ಹೆಬಿಕ್, ಲೇನರ್ ಮತ್ತು ಗ್ರೈನರ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಮೂರೇ ವರ್ಷದಲ್ಲಿ, ಅಂದರೆ 1837ರ ಏಪ್ರಿಲ್‌ನಲ್ಲಿ, ಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಮಂಗಳೂರನ್ನು ಹಿಡಿದು ಬಾವುಟಗುಡ್ಡೆಯಲ್ಲಿ ತನ್ನ ಬಾವುಟ ಹಾರಿಸಿತು. ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಇರುವ ಆ ಜಾಗಕ್ಕೆ ಬಲ್ಮಠದಿಂದ ನಡೆದೇ ಹೋಗಬಹುದು. ಕಂಪೆನಿ ಸರ್ಕಾರ ಆ ದಂಗೆಯನ್ನು ಬೇಗನೆ ಅಡಗಿಸಿತು. 1840ರಲ್ಲಿ ಕಲೆಕ್ಟರ್ ಬ್ಲೇರ್ ಬಲ್ಮಠದ ಬಂಗಲೆಯನ್ನೂ ಜಾಗವನ್ನೂ ಮಿಷನ್ನಿಗೆ ಕೊಟ್ಟರು.

ಮರುವರ್ಷವೇ ಮಿಷನ್ನಿನ ಮುದ್ರಣಾಲಯ ಶುರುವಾಯಿತು. ಆಗ ಇದ್ದದ್ದು ಕಲ್ಲಚ್ಚು. ಇಂಜಿನಿಯರಿಂಗ್ ಓದುವ ನನಗೆ ಇದೇ ಹೆಚ್ಚು ರುಚಿಸಿದ ಭಾಗ. ನುಣುಪಾದ ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಅಕ್ಷರ ಮೂಡಿಸಿ, ಕಲ್ಲನ್ನು ಒದ್ದೆ ಮಾಡುತ್ತಾರೆ. ಜಿಡ್ಡಿರುವಲ್ಲಿ ನೀರು ನಿಲ್ಲುವುದಿಲ್ಲ. ಆಮೇಲೆ ಶಾಯಿಯ ರೋಲರ್ ಉರುಳಿಸಿದರೆ ಅದು ಅಕ್ಷರಕ್ಕೆ ಮಾತ್ರ ಅಂಟುತ್ತದೆ, ಒದ್ದೆ ಕಲ್ಲಿಗೆ ಅಂಟುವುದಿಲ್ಲ. ಮೇಲೆ ಕಾಗದ ಇಟ್ಟು ಒತ್ತಿದರೆ ಪುಟ ಸಿದ್ಧ. ಎಣ್ಣೆಗೂ ನೀರಿಗೂ ಆಗದು ಎಂಬ ಅಡುಗೆಮನೆಯ ವಿಜ್ಞಾನ ಇಷ್ಟೇ! ಕನ್ನಡಕ್ಕೆ ಇದರಿಂದ ದೊಡ್ಡ ಲಾಭವಿತ್ತು. ಕಾಗುಣಿತ, ಒತ್ತಕ್ಷರ ಎಂದು ನೂರಾರು ಅಚ್ಚುಮೊಳೆ ಎರಕ ಹೊಯ್ಯುವ ಗೋಜಿಲ್ಲ, ಚೆಂದ ಬರೆಯುವ ಕೈ ಇದ್ದರೆ ಸಾಕು.

1843ರ ಜುಲೈ 1ರಂದು ಹೆರ್ಮನ್ ಮೊಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲೇ ಬಂದ ನಾಲ್ಕು ಪುಟದ ಪತ್ರಿಕೆ. ಕನ್ನಡದ ಮೊದಲ ಪತ್ರಿಕೆ ಅದು. ಅದಕ್ಕೇ ಜುಲೈ 1 ನಮ್ಮಲ್ಲಿ ಪತ್ರಿಕಾ ದಿನ. ಪಾದ್ರಿಗಳು ಬರೀ ಬೈಬಲ್ ಅಚ್ಚು ಹಾಕಿಸಿದರು ಎಂದುಕೊಳ್ಳಬೇಡಿ. ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಮೊಗ್ಲಿಂಗ್ ಕೈಯಲ್ಲಿ ಪುಸ್ತಕಗಳಾದವು. ಫರ್ಡಿನಾಂಡ್ ಕಿಟ್ಟೆಲ್ ವರ್ಷಾನುಗಟ್ಟಲೆ ದುಡಿದು ಸಿದ್ಧಪಡಿಸಿದ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಇದೇ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಅದರಲ್ಲಿರುವುದು ಸುಮಾರು 70,000 ಪದ.

ಇದೆಲ್ಲ ಹೆಮ್ಮೆಯ ಭಾಗ. ಇದರ ಹಿಂದೆ ಒಂದು ಕಷ್ಟದ ಕಥೆಯೂ ಇದೆ. ಮತಾಂತರವಾದವರಿಗೆ ಮನೆ, ಜಾತಿ, ಕಸುಬು ಮೂರೂ ತಪ್ಪುತ್ತಿದ್ದವು. 1844ರಲ್ಲಿ ಸಾರಸ್ವತ ಮನೆತನದ ಯುವಕ ಆನಂದರಾವ್ ಕೌಂಡಿನ್ಯ ದೀಕ್ಷೆ ಪಡೆದರು, ಬಾಸೆಲ್‌ಗೆ ಹೋಗಿ ಓದಿದರು, ಪಾದ್ರಿಯಾಗಿ ಮರಳಿದರು. ಓದು ಇದ್ದವರಿಗೆ ಹಾಗೊಂದು ದಾರಿ ಇತ್ತು. ಸಭೆಗೆ ಸೇರಿದ ಬಿಲ್ಲವರಲ್ಲಿ ಹಲವರದು ಮೂರ್ತೆ ಕೆಲಸ. ಕಳ್ಳು ಇಳಿಸುವುದನ್ನು ಮಿಷನ್ ಒಪ್ಪುತ್ತಿರಲಿಲ್ಲ. ಹಾಗಾದರೆ ಹೊಟ್ಟೆಪಾಡಿಗೇನು?

ಉತ್ತರ ಮಗ್ಗವಾಯಿತು. 1851ರಲ್ಲಿ ಬಂದ ಹಾಲರ್ ಬಲ್ಮಠದ ನೇಯ್ಗೆ ಕಾರ್ಖಾನೆಯನ್ನು ಬೆಳೆಸಿದರು. ತೆಂಗಿನ ಮರ ಹತ್ತುತ್ತಿದ್ದವರ ಮಕ್ಕಳು ಲಾಳಿ ಹಿಡಿದರು. 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ‘ಮಂಗಳೂರು ಹಂಚು’ ಸಮುದ್ರ ದಾಟಿತು. ಖಾಕಿ ಹುಟ್ಟಿದ್ದೇ ಬಲ್ಮಠದಲ್ಲಿ ಎಂದು ನಾವು ಎದೆ ತಟ್ಟಿ ಹೇಳುವುದುಂಟು. ಅಷ್ಟು ಹೇಳುವುದು ಸ್ವಲ್ಪ ಜಾಸ್ತಿಯಾಯಿತು. 1840ರ ದಶಕದಲ್ಲೇ ಪೇಶಾವರದ ಗೈಡ್ಸ್ ಪಡೆ ಖಾಕಿ ತೊಟ್ಟಿತ್ತು. ಒಗೆದರೂ ಬಣ್ಣ ಬಿಡದ ಖಾಕಿಯ ಹೆಸರು ಹಾಲರ್ ಕಾರ್ಖಾನೆಗೆ ಸಲ್ಲಲಿ.

ಕೆಲಸ ಕೊಟ್ಟವರೂ ಅವರೇ, ಭಾನುವಾರ ಪ್ರಸಂಗ ಮಾಡುವವರೂ ಅವರೇ. ಈ ಏರ್ಪಾಡಿನಲ್ಲಿ ಕೆಲಸಗಾರನ ಸ್ವಾತಂತ್ರ್ಯ ಎಷ್ಟಿತ್ತು ಎಂಬ ಪ್ರಶ್ನೆ ನನಗಿದೆ. ಆದರೆ ಹುಟ್ಟಿನ ಕಸುಬು ಬಿಟ್ಟು, ಕಲಿತ ಕೆಲಸದ ಮೇಲೆ ಸಂಬಳ ಪಡೆದ ಮೊದಲ ತಲೆಮಾರುಗಳಲ್ಲಿ ಇವರೂ ಇದ್ದಾರೆ. ಬೇಸರವೆಂದರೆ ಪಾದ್ರಿಗಳ ಹೆಸರು ಪುಸ್ತಕಗಳಲ್ಲಿ ಸಿಗುತ್ತವೆ, ಕಲ್ಲಿಗೆ ಶಾಯಿ ಹಚ್ಚಿದವನ ಹೆಸರು ಸುಲಭಕ್ಕೆ ಸಿಗುವುದಿಲ್ಲ.

1914ರಲ್ಲಿ ಮಹಾಯುದ್ಧ ಶುರುವಾದದ್ದೇ ಜರ್ಮನ್ ಪಾದ್ರಿಗಳು ಬ್ರಿಟಿಷರಿಗೆ ಶತ್ರುಗಳಾದರು. ಅವರನ್ನು ಬಂಧನದಲ್ಲಿಟ್ಟರು. ಕಾರ್ಖಾನೆಗಳು ಯುದ್ಧದ ಬಳಿಕ ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು.

ಉಳಿದ ಗುರುತುಗಳನ್ನು ನೋಡಲು ಅರ್ಧ ದಿನ ಸಾಕು. 1862ರಲ್ಲಿ ಕಟ್ಟಿದ ಶಾಂತಿ ಕೆಥೆಡ್ರಲ್‌ನಲ್ಲಿ ಇಂದಿಗೂ ಆರಾಧನೆ ನಡೆಯುತ್ತದೆ. ಅದರ ಹತ್ತಿರವೇ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು. 1965ರಲ್ಲಿ ಆರಂಭವಾದದ್ದಾದರೂ ಈ ಗುಡ್ಡೆಯಲ್ಲಿ ಪಾದ್ರಿಗಳ ಪಾಠ ಮೊಗ್ಲಿಂಗ್ ಕಾಲದಿಂದಲೂ ಇತ್ತು. ಹಳೆಯ ಕನ್ನಡ, ತುಳು ಪುಸ್ತಕಗಳು ಅಲ್ಲಿನ ಸಂಗ್ರಹದಲ್ಲಿವೆ. ಹೋಗುವವರು ಮೊದಲೇ ಫೋನ್ ಮಾಡಿ ಅನುಮತಿ ಕೇಳಿಕೊಳ್ಳಿ. ಬಸ್ಸಿನಲ್ಲಿ ಬಲ್ಮಠಕ್ಕೇ ಟಿಕೆಟ್ ತೆಗೆಯಿರಿ, ಜ್ಯೋತಿಗೆ ಅಲ್ಲ.